ವಿಭೂತಿ ಹಚ್ಚಿಕೊಂಡ ಬಾತು

ಚನ್ನಬಸಪ್ಪನವರು ಒಬ್ಬರ ಮಾತನ್ನು ನಂಬಿ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ಬ್ಯಾಂಕಿನ ತಪಾಸಣೆ ವಿಭಾಗದಲ್ಲಿ ಹನ್ನೊಂದು ವರ್ಷ ಸವೆಸಿದ ಜೀವ ಅದು. ಸ್ಟ್ರಾಂಗ್ ರೂಮಿಗೆ ಎರಡು ಬೀಗದಕೈ, ಅವೆರಡೂ ಇಬ್ಬರು ಬೇರೆ ಬೇರೆ ಅಧಿಕಾರಿಗಳ ಕಿಸೆಯಲ್ಲಿ, ಬಾಗಿಲು ತೆರೆದಾಗಲೆಲ್ಲ ಕೀ ರಿಜಿಸ್ಟರಿನಲ್ಲಿ ಇಬ್ಬರ ಸಹಿ. ಉಳಿದವರು ಇದನ್ನು ಬ್ಯಾಂಕಿನ ನಿಯಮವೆಂದು ತಿಳಿದಿದ್ದರೆ, ಚನ್ನಬಸಪ್ಪನವರು ಸೃಷ್ಟಿಯ ನಿಯಮವೆಂದೇ ತಿಳಿದಿದ್ದರು. ಒಬ್ಬರು ರಜೆಯಲ್ಲಿದ್ದಾಗ ಇನ್ನೊಬ್ಬರು ಹೇಗೋ ಬಾಗಿಲು ತೆಗೆದು, ಮರುದಿನ ರಜೆಯವರಿಂದ ಸಹಿ ಹಾಕಿಸಿಕೊಂಡಿದ್ದರೆ, ಅದರ ವಾಸನೆ ಅವರ ಮೂಗಿಗೆ ಮೂರು ಪುಟದಾಚೆಯಿಂದಲೇ ಬಡಿಯುತ್ತಿತ್ತು. ಶಾಯಿಯ ಬಣ್ಣ ನೋಡಿ, ಆ ಸಾಲಿನ ಮೇಲೆ ಬೆರಳಿಟ್ಟು, ತಲೆ ಎತ್ತದೆ ಕೇಳುತ್ತಿದ್ದರು, ಇದು ನೋಡದೆ ಹಾಕಿದ ಸಹಿ ಅಲ್ಲವೇ ಎಂದು. ಎದುರಿಗಿದ್ದವರು ಬೆವರುತ್ತಿದ್ದರು. ಆ ಬೆವರನ್ನು ಕಂಡಾಗ ಅವರಿಗೆ ಊಟ ರುಚಿಸುತ್ತಿತ್ತು.

ಇಂಥ ಮನುಷ್ಯ ತಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಜನವರಿಯ ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ, ವಿಜಯವಾಡದ ಒಂದು ಕಾರ್ಪೊರೇಷನ್ ಪಾರ್ಕಿನ ಕೊಳದಲ್ಲಿ, ಆ ಕಡೆ ಎಂದೂ ಸುಳಿಯದ ಒಂದು ಕಾಡು ಹೆಬ್ಬಾತನ್ನು ಕಂಡರು. ಒಬ್ಬರೇ ಕಂಡರು. ಎರಡನೇ ಬೀಗದಕೈ ಇರಲಿಲ್ಲ.

ಎರಡನೇ ಬೀಗದಕೈ ಮೂರು ವರ್ಷದ ಹಿಂದೆ ವಿಶಾಖಪಟ್ಟಣದಲ್ಲಿ ಹೋಗಿತ್ತು. ಹೆಂಡತಿ ವೇದವತಿ. ಲಕ್ಷ್ಮೇಶ್ವರದಿಂದ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದ ಮೇಲೆ ಹತ್ತೊಂಬತ್ತು ವರ್ಷ, ಹಾಲಿನವನು, ಮನೆ ಮಾಲೀಕ, ಮಗಳ ಶಾಲೆಯ ಮೇಡಮ್ಮು, ಇವರೆಲ್ಲರೊಡನೆ ತೆಲುಗಿನಲ್ಲಿ ವ್ಯವಹರಿಸಿದವಳು ಅವಳು. ಚನ್ನಬಸಪ್ಪನವರು ಅವಳ ಹಿಂದೆ ನಿಂತು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ನೋಡಿದವರು, ಸಾಹೇಬರಿಗೆ ಎಲ್ಲ ಅರ್ಥವಾಗುತ್ತದೆ, ಮಾತು ಕಡಿಮೆ ಅಷ್ಟೆ ಎಂದುಕೊಳ್ಳುತ್ತಿದ್ದರು. ಅವರಿಗೆ ಏನೂ ಅರ್ಥವಾಗುತ್ತಿರಲಿಲ್ಲ.

ಅದರಲ್ಲೂ ಒಂದು ಮಾತು ಅವರನ್ನು ಬಿಡದೆ ಕಾಡಿತು. ವಿಶಾಖಪಟ್ಟಣಕ್ಕೆ ಬಂದ ಹೊಸದರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು, ದುವ್ವಾಡದ ಬಸ್ಸು ಎಲ್ಲಿ ಎಂದು ಕೈಸನ್ನೆಯಿಂದ ಕೇಳಿದರು. ಕಂಡಕ್ಟರು ‘ವೆಳ್ಳಿಪೋಯಿಂದಿ’ ಎಂದ. ಹೊರಟುಹೋಯಿತು ಎಂದು ಅದರ ಅರ್ಥ. ಇವರ ಕಿವಿಗೆ ‘ಎಲ್ಲಿ ಹೋಯಿತು’ ಎಂದು ಬಿತ್ತು.

“ನಾ ನಿನ್ನ ಕೇಳಿದ್ರ ನೀ ನನ್ನ ಕೇಳ್ತಿಯಲ್ಲೋ ಮಾರಾಯಾ,” ಎಂದರು ಚನ್ನಬಸಪ್ಪ.

ಅವನು ಮತ್ತೆ ‘ವೆಳ್ಳಿಪೋಯಿಂದಿ’ ಎಂದ. ಇವರು, ಅದನ್ನೇ ನಾನೂ ಕೇಳುತ್ತಿರುವುದು ಎಂದರು. ಹೀಗೆ ನಾಲ್ಕು ಸುತ್ತು ನಡೆದ ಮೇಲೆ ವೇದವತಿ ನಗು ತಡೆಯಲಾರದೆ ಪಕ್ಕದ ಚಹಾದ ಅಂಗಡಿಯ ಬೆಂಚಿನ ಮೇಲೆ ಕುಳಿತುಬಿಟ್ಟಳು. ಅಲ್ಲಿಂದ ಮುಂದೆ ಮನೆಯಲ್ಲಿ ಕರೆಂಟು ಹೋದರೂ, ಗ್ಯಾಸು ತೀರಿದರೂ ಅವಳು ‘ಎಲ್ಲಿ ಹೋಯಿಂದಿ’ ಎನ್ನುವಳು. ಮಗಳು ಹರಿಣಿ ಚಪ್ಪಾಳೆ ತಟ್ಟುವಳು. ಚನ್ನಬಸಪ್ಪನವರು ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುವರು.

ಮೂರು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಆ ಸಂಜೆ ನರ್ಸು ಹೊರಗೆ ಬಂದು, ತಗ್ಗಿದ ದನಿಯಲ್ಲಿ, “ಅಮ್ಮಗಾರು ವೆಳ್ಳಿಪೋಯಾರಂಡಿ,” ಎಂದಾಗಲೂ ಅವರ ಕಿವಿ ಹಳೆಯ ಚಾಳಿ ಬಿಡಲಿಲ್ಲ. “ಎಲ್ಲಿ ಹೋಗ್ತಾಳ್ರೀ, ಒಳಗ ಐಸಿಯುದಾಗ ಅದಾಳಲ್ಲ,” ಎಂದು ಕನ್ನಡದಲ್ಲೇ ಹೇಳಿ ನರ್ಸಿಗೆ ದಾರಿ ತೋರಿಸಹೋದರು. ಪಕ್ಕದಲ್ಲಿದ್ದ ಹರಿಣಿ ಅವರ ತೋಳು ಹಿಡಿದು, ಅಪ್ಪಾ, ಅವರು ಕೇಳುತ್ತಿಲ್ಲ, ಹೇಳುತ್ತಿದ್ದಾರೆ ಎಂದಳು. ಅಂದಿನಿಂದ ಆ ಮಾತಿನ ಅರ್ಥ ಅವರಿಗೆ ಚೆನ್ನಾಗಿ ಗೊತ್ತು. ಹತ್ತೊಂಬತ್ತು ವರ್ಷದಲ್ಲಿ ಅವರು ಪೂರ್ತಿಯಾಗಿ ಕಲಿತ ತೆಲುಗು ಅದೊಂದೇ.

ಆಮೇಲೆ ಒಂದೂವರೆ ವರ್ಷಕ್ಕೆ ಬ್ಯಾಂಕಿನವರು ಅವರನ್ನು ವಿಜಯವಾಡಕ್ಕೆ ವರ್ಗ ಮಾಡಿದರು. ಭವಾನಿಪುರಂನಲ್ಲಿ, ನದಿಯಿಂದ ಎರಡು ರಸ್ತೆ ಈಚೆಗೆ, ಮಹಡಿಯ ಮೇಲೊಂದು ಮನೆ. ಲಕ್ಷ್ಮೇಶ್ವರದಿಂದ ತಂಗಿ ತಿಂಗಳಿಗೊಮ್ಮೆ ಕಡಕ್ ರೊಟ್ಟಿ ಕಟ್ಟಿ ಕಳಿಸುತ್ತಿದ್ದಳು. ಸಂಜೆ ಅದನ್ನು ಮುರಿದಾಗ ಆಗುವ ಸದ್ದೇ ಆ ಮನೆಯಲ್ಲಿ ದಿನದ ದೊಡ್ಡ ಸದ್ದು. ಹರಿಣಿ ವಿಶಾಖಪಟ್ಟಣದಲ್ಲೇ ಮದುವೆಯಾಗಿ, ದುವ್ವಾಡದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಳು. ಹಬ್ಬಕ್ಕೆ ಇವರೇ ಹೋಗಿಬರುತ್ತಿದ್ದರು. ಅವಳು ಈ ಮನೆಗೆ ಒಮ್ಮೆಯೂ ಬಂದಿರಲಿಲ್ಲ. ಬಾ ಎಂದು ಕರೆಯಲು ಒಂದು ಕಾರಣ ಬೇಕಲ್ಲ. ಕಾರಣವಿಲ್ಲದೆ ಯಾರನ್ನಾದರೂ ಕರೆಯುವುದು ಚನ್ನಬಸಪ್ಪನವರಿಗೆ ಗೊತ್ತಿರಲಿಲ್ಲ.

ಈಗ ಕಾರಣ ಕೊಳದ ನಡುವೆ ತೇಲುತ್ತಿತ್ತು.

ಬೂದು ಮಿಶ್ರಿತ ಕಂದು ಮೈ, ಕಿತ್ತಳೆ ಕಾಲು, ಹೊಟ್ಟೆಯ ಮೇಲೆ ಕಪ್ಪು ಗೀರು, ಕೊಕ್ಕಿನ ಬುಡದಿಂದ ಹಣೆಯವರೆಗೆ ಬೆಳ್ಳನೆಯ ಪಟ್ಟಿ. ಹೆಬ್ಬಾತು ಎಂದರೆ ಅವರಿಗೆ ಹೊಸತಲ್ಲ. ಅವರ ಊರಿನ ಹತ್ತಿರದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. ಆದರೆ ಅವುಗಳ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಇದಕ್ಕೆ ಪಟ್ಟೆಯಿಲ್ಲ, ಹಣೆ ಬಿಳಿ. ಅದನ್ನು ನೋಡುತ್ತ ನಿಂತ ಚನ್ನಬಸಪ್ಪನವರ ಕಾಲು ಒದ್ದೆ ಹುಲ್ಲಿನಲ್ಲಿ ತಣ್ಣಗಾಗತೊಡಗಿತು.

ಹತ್ತು ವರ್ಷದ ಹಿಂದೆ ಸಂಕ್ರಾಂತಿಗೆ ಊರಿಗೆ ಹೋದಾಗ ವೇದವತಿ ಹಟ ಮಾಡಿ ಮಾಗಡಿ ಕೆರೆಗೆ ಕರೆದೊಯ್ದಿದ್ದಳು. ಅವಳಿಗೆ ಹಕ್ಕಿಯ ಹುಚ್ಚು. ಅವಳು ದುರ್ಬೀನು ಹಿಡಿದು ಕೆರೆಯ ಏರಿಯ ಮೇಲೆ, ಇವರು ಕಾರಿನಲ್ಲಿ ಗಿರ್ಮಿಟ್ಟು ಮಿರ್ಚಿಯ ಪೊಟ್ಟಣ ಬಿಚ್ಚಿಕೊಂಡು. ಅವಳು ಏರಿಯಿಂದಲೇ ಕೂಗಿದ್ದಳು. “ರೀ, ಲಗೂನ ಬರ್ರಿ. ಇಷ್ಟರಾಗ ಒಂದರ ಹಣಿ ಬೆಳ್ಳಗೈತಿ.”

“ವಿಭೂತಿ ಹಚ್ಕೊಂಡಿರಬೇಕು ಬಿಡು, ನಮ್ಮೂರ ಬಾತು,” ಎಂದಿದ್ದರು ಇವರು, ಮಿರ್ಚಿ ಕಚ್ಚುತ್ತ.

ಈ ಹಾಸ್ಯವನ್ನು ಅವರು ಎರಡು ವರ್ಷ ಕಂಡಕಂಡ ಮದುವೆಯ ಊಟದಲ್ಲಿ ಹೇಳಿದರು. ಎಲ್ಲ ಸಲವೂ ತಾವೇ ಮೊದಲು ನಕ್ಕರು. ವೇದವತಿ ತೀರಿಕೊಂಡ ಮೇಲೆ ಅವಳ ಹಕ್ಕಿಯ ನೋಟುಬುಕ್ಕು ತೆರೆದಾಗ ಆ ದಿನದ ಸಾಲು ಸಿಕ್ಕಿತು. ‘ಬಿಳಿ ಹಣೆಯ ಹೆಬ್ಬಾತು, ಒಂದು. ಬಲು ಅಪರೂಪ. ನೋಡಿದವರು: ನಾನು. ಇವರು ಕಾರಿನಿಂದ ಇಳಿಯಲಿಲ್ಲ.’

ಇಡೀ ಬುಕ್ಕಿನಲ್ಲಿ ಗಂಡನ ಪ್ರಸ್ತಾಪವಿದ್ದದ್ದು ಅದೊಂದೇ ಕಡೆ. ಚನ್ನಬಸಪ್ಪನವರು ತಮ್ಮ ಸರ್ವಿಸಿನಲ್ಲಿ ಎಷ್ಟೋ ಜನರ ಮೇಲೆ ವರದಿ ಬರೆದಿದ್ದರು. ಅವರ ಮೇಲೆ ಯಾರೋ ಬರೆದ ವರದಿಯನ್ನು ಅವರು ಓದಿದ್ದು ಅದೇ ಮೊದಲು. ಉತ್ತರ ಕೊಡೋಣವೆಂದರೆ ವರದಿ ಬರೆದವರು ಇರಲಿಲ್ಲ.

ಮೊಬೈಲಿನಲ್ಲಿ ಫೋಟೋ ತೆಗೆದರು. ಬಂದದ್ದು ಕೊಳ, ಆಚೆ ದಡದ ಪ್ಲಾಸ್ಟಿಕ್ ಬಾಟಲಿಗಳು, ಅವರದೇ ಹೆಬ್ಬೆರಳು, ಹೆಬ್ಬೆರಳಿನ ಪಕ್ಕ ಒಂದು ಚುಕ್ಕೆ. ವಿಶಾಖಪಟ್ಟಣದ ಹಕ್ಕಿ ವೀಕ್ಷಕರ ವಾಟ್ಸಾಪ್ ಗುಂಪಿಗೆ ಅದನ್ನು ಕಳಿಸಿದರು. ಆ ಗುಂಪಿನಲ್ಲಿದ್ದದ್ದು ವೇದವತಿ. ಅವಳ ಫೋನನ್ನು ಇವರು ಇಂದಿಗೂ ಚಾರ್ಜ್ ಮಾಡಿಡುತ್ತಿದ್ದರು, ಕಳಿಸಿದ್ದು ಅದರಿಂದಲೇ. ಮೂರು ವರ್ಷದ ಹಿಂದೆ ತೀರಿಕೊಂಡ ವೇದವತಿಯಿಂದ ಬೆಳಿಗ್ಗೆ ಏಳಕ್ಕೆ ಬಾತಿನ ಸಂದೇಶ ಬಂದದ್ದು ನೋಡಿ ಗುಂಪು ಒಂದು ಗಂಟೆ ಉಸಿರೆತ್ತಲಿಲ್ಲ. ಆಮೇಲೆ ಇಬ್ಬರು ಕೈಮುಗಿದ ಚಿತ್ರ ಕಳಿಸಿದರು. ಗುಂಪಿನ ಮುಖ್ಯಸ್ಥ ಅನಿಲ್‌ಕುಮಾರ್ ಬಹಳ ಮರ್ಯಾದೆಯಿಂದ, ಸ್ಪಷ್ಟವಾದ ಫೋಟೋ ಅಥವಾ ನೋಡಿದ ಇನ್ನೊಬ್ಬರು ಬೇಕು, ಇಲ್ಲದಿದ್ದರೆ ದಾಖಲೆ ಮಾಡಲಾಗದು ಎಂದು ತಿಳಿಸಿದ. ನಿಯಮ ಸರಿಯಾಗಿಯೇ ಇತ್ತು. ಅದನ್ನು ಓದಿ ಚನ್ನಬಸಪ್ಪನವರಿಗೆ ಬೆವರು ಬಂತು.

ಹರಿಣಿಗೆ ಫೋನು ಮಾಡಿದರು. “ಯವ್ವಾ, ಇಲ್ಲೊಂದು ಬಾತು ಬಂದೈತಿ. ನಿಮ್ಮವ್ವ ನೋಡಿದ್ಲಲ್ಲ, ಅಂಥಾದ್ದ. ನೀ ಒಮ್ಮೆ ಬಂದು ನೋಡಿಬಿಡು.”

“ಬಾತು ನೋಡೋಕೆ ಆರು ಅವರ್ಸ್ ಟ್ರೇನಲ್ಲಿ ಬರ್ಬೇಕಾ ಅಪ್ಪಾ?” ಎಂದಳು ಹರಿಣಿ. ಆಮೇಲೆ ಕ್ಯಾಲೆಂಡರು ತಿರುವಿದ ಸದ್ದು ಕೇಳಿಸಿತು. “ಸಂಡೇ ಬರ್ತೀನಿ. ಅಲ್ಲಿಯವರೆಗೂ ಇರುತ್ತೆ ಕದಾ ಅದು?” ಎಂದಳು, ‘ಅಲ್ಲವೇ’ ಎನ್ನುವ ಕಡೆ ತೆಲುಗಿನ ‘ಕದಾ’ ಸೇರಿಸಿ.

“ಇರ್ತೈತಿ. ಇರದ ಏನ್ಮಾಡ್ತೈತಿ,” ಎಂದರು ಚನ್ನಬಸಪ್ಪ, ಬಾತು ತಮ್ಮ ಕೈಕೆಳಗಿನ ನೌಕರನೆಂಬಂತೆ.

ಅದಾದ ಮೇಲೆ ಭಾನುವಾರದವರೆಗೆ ಅವರಿಗಿದ್ದದ್ದು ಒಂದೇ ಕೆಲಸ, ಬಾತು ಹೋಗದಂತೆ ನೋಡಿಕೊಳ್ಳುವುದು. ಮಂಗಳವಾರ ಇತ್ತು. ಬುಧವಾರವೂ ಇತ್ತು. ಗುರುವಾರ ಗನ್ನವರಂ ಶಾಖೆಯ ತಪಾಸಣೆ. ಬೆಳಿಗ್ಗೆಯೇ ಹೋಗಬೇಕಾಗಿ ಬಾತನ್ನು ನೋಡಲಾಗಲಿಲ್ಲ, ಅಲ್ಲಿ ಕೀ ರಿಜಿಸ್ಟರು ತಿರುವುವಾಗ ಎರಡು ಪುಟ ಒಟ್ಟಿಗೇ ತಿರುವಿದರು. ಅವರ ಜೀವಮಾನದಲ್ಲಿ ಹಾಗಾದದ್ದು ಅದೇ ಮೊದಲು. ಸಂಜೆ ಆಟೋದಲ್ಲಿ ನೆಟ್ಟಗೆ ಪಾರ್ಕಿಗೆ ಬಂದರು. ಪಾರ್ಕು ಗುಡಿಸುವ ಕನಕದುರ್ಗ ಇವರನ್ನು ಕಂಡವಳೇ ಪೊರಕೆಯಿಂದ ಕೊಳದ ಮೂಲೆ ತೋರಿಸಿದಳು. ಆಮೇಲೆ ತನ್ನ ಹಣೆಯ ಮೇಲೆ ಮೂರು ಬೆರಳು ಅಡ್ಡ ಎಳೆದು ನಕ್ಕಳು. ವಿಭೂತಿ. ಅವಳು ದಿನಾ ಅದಕ್ಕೆ ನೆನೆಸಿದ ಅಕ್ಕಿ ಹಾಕುತ್ತಿದ್ದಳು. ಬಾತನ್ನು ಚನ್ನಬಸಪ್ಪನವರಿಗಿಂತ ಎರಡು ದಿನ ಮೊದಲೇ ಕಂಡಿದ್ದವಳೂ ಅವಳೇ. ಆದರೆ ಸಾಕ್ಷಿ ಬೇಕು ಎಂದು ಊರೆಲ್ಲ ಹುಡುಕುತ್ತಿದ್ದ ಬ್ಯಾಂಕಿನ ಈ ಸೀನಿಯರ್ ಮ್ಯಾನೇಜರರಿಗೆ ಪೊರಕೆ ಹಿಡಿದವರೂ ಸಾಕ್ಷಿಯಾಗಬಹುದೆಂದು ಹೊಳೆಯಲಿಲ್ಲ.

ಅವರಿಗೆ ಹೊಳೆದದ್ದು ಸೂರ್ಯಪ್ರಕಾಶ.

ಸೂರ್ಯಪ್ರಕಾಶ ನಿವೃತ್ತ ಇಂಜಿನಿಯರು, ಪಾರ್ಕಿನ ವಾಕರ್ಸ್ ಅಸೋಸಿಯೇಷನ್ನಿನ ಅಧ್ಯಕ್ಷರು. ಹನ್ನೆರಡು ವರ್ಷದಿಂದ ಚುನಾವಣೆ ನಡೆಯದಿದ್ದರಿಂದ ಹನ್ನೆರಡು ವರ್ಷದಿಂದಲೂ ಅಧ್ಯಕ್ಷರು. ಶುಕ್ರವಾರ ಬೆಳಿಗ್ಗೆ ಚನ್ನಬಸಪ್ಪನವರು ಅವರಿಗೆ ಬಾತು ತೋರಿಸಿದಾಗ, ಯಾರೋ ಸಾಕಿದ್ದು ತಪ್ಪಿಸಿಕೊಂಡಿದೆ, ಭಾನುವಾರದೊಳಗೆ ಯಾರದೋ ಸಾರಿನ ಪಾತ್ರೆಗೆ ಬೀಳುತ್ತದೆ ಎಂದು ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟು ಮುಂದೆ ನಡೆದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನಾಲ್ಕು ದಿನದಿಂದ ಯಾರೂ ನಂಬದಿದ್ದುದು ಚನ್ನಬಸಪ್ಪನವರ ಗಂಟಲಲ್ಲಿ ಕುಳಿತಿತ್ತು. ಅಧ್ಯಕ್ಷರ ಹಿಂದೆಯೇ ಎರಡು ಸುತ್ತು ಓಡುನಡಿಗೆಯಲ್ಲಿ ಹೋಗಿ, ಇದು ಸೈಬೀರಿಯಾದಿಂದ ಬಂದದ್ದು, ದೇಶದ ಈ ಭಾಗದಲ್ಲಿ ಕಂಡವರೇ ಇಲ್ಲ, ಬೇರೆ ಪಾರ್ಕು ಬಿಟ್ಟು ನಿಮ್ಮ ಪಾರ್ಕನ್ನೇ ಆರಿಸಿಕೊಂಡಿದೆ, ಪೇಪರಿನವರಿಗೆ ಗೊತ್ತಾದರೆ ಅಧ್ಯಕ್ಷರ ಹೆಸರು ಕೇಳುತ್ತಾರೆ ಎಂದರು.

ಸೂರ್ಯಪ್ರಕಾಶ ನಿಂತರು. ಹನ್ನೆರಡು ವರ್ಷದಲ್ಲಿ ಅವರು ನಡಿಗೆಯ ನಡುವೆ ನಿಂತದ್ದು ಅದೇ ಮೊದಲು.

ಶನಿವಾರ ಸಂಜೆ ನಾಲ್ಕೂವರೆಗೆ ಕೊಳದ ದಡದಲ್ಲಿ ಸ್ವಾಗತ ಸಮಾರಂಭ. ಎರಡು ಬಿದಿರಿಗೆ ಕಟ್ಟಿದ ಫ್ಲೆಕ್ಸು. ಅದರಲ್ಲಿ ಅಧ್ಯಕ್ಷರ ಮುಖ ಪೂರ್ಣಚಂದ್ರನಷ್ಟು, ಪದಾಧಿಕಾರಿಗಳು ಅಕ್ಷತೆ ಕಾಳಿನಷ್ಟು, ಮೂಲೆಯಲ್ಲಿ ಎಲ್ಲಿಂದಲೋ ಇಳಿಸಿದ ಒಂದು ರಾಜಹಂಸದ ಚಿತ್ರ. ಇದು ಆ ಹಕ್ಕಿಯೇ ಅಲ್ಲ ಎಂದು ಚನ್ನಬಸಪ್ಪನವರು ಹೇಳಬಹುದಿತ್ತು. ಹೇಳಬೇಕೆಂದು ಬಾಯಿ ತೆರೆದಾಗ ಮೈಕಿನಲ್ಲಿ ಅವರ ಹೆಸರು ಕೂಗಿದರು. ವೇದಿಕೆಗೆ ಹೋದರು. ಅವರಿಗೆ ಶಾಲು ಹೊದಿಸಲಾಗುತ್ತದೆ ಎಂದು ಗೊತ್ತಾದಾಗ, ಸುಳ್ಳು ಏಕೆ, ಎದೆ ಸ್ವಲ್ಪ ಉಬ್ಬಿತು. ಹರಿಣಿಗೆ ಈ ಫೋಟೋ ಕಳಿಸಬಹುದಲ್ಲ ಎಂದುಕೊಂಡರು.

ಶಾಲು ಹೊದಿಸುವಾಗ ಫೋಟೋದವನು ಎಲ್ಲರನ್ನೂ ತನ್ನ ಕಡೆ ತಿರುಗಿಸಿದ. ಹನ್ನೊಂದು ಜನರ ಬೆನ್ನು ಕೊಳದ ಕಡೆಗಾಯಿತು. ಶಾಲಿನ ಒಂದು ತುದಿ ಜಾರಿ, ಅದನ್ನು ಹಿಡಿಯಲು ಹೋದ ಚನ್ನಬಸಪ್ಪನವರೊಬ್ಬರ ಮುಖ ಮಾತ್ರ ನೀರಿನ ಕಡೆ ಉಳಿಯಿತು. ಆಗ ಮೈಕು ಕಿವಿ ಹರಿಯುವಂತೆ ಕಿರುಚಿಕೊಂಡಿತು. ಬಾತು ಕತ್ತೆತ್ತಿತು. ನೀರಿನ ಮೇಲೆ ನಾಲ್ಕು ಹೆಜ್ಜೆ ಓಡಿತು, ಮೇಲೆದ್ದಿತು, ತೆಂಗಿನ ಮರಗಳ ಮೇಲೆ ಒಂದು ಸುತ್ತು ಬಂದು, ಒಮ್ಮೆ ಕೂಗಿ, ನದಿಯ ಕಡೆ ಹೋಯಿತು. ಚನ್ನಬಸಪ್ಪನವರು ಶಾಲು ಹೊದ್ದುಕೊಂಡು ನೋಡುತ್ತ ನಿಂತರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಶಾಲಿಗೆ.

ಏಳು ಗಂಟೆಗೆ ಹರಿಣಿಯ ಫೋನು ಬಂತು. ಬೆಳಿಗ್ಗೆ ಟ್ರೇನು, ಗಂಡನಿಗೆ ಹೇಳಿ ಒಪ್ಪಿಸಿದ್ದಾಳೆ, ಒಂದು ದಿನದ ಮಟ್ಟಿಗೆ ಎಲ್ಲ ಹೊಂದಿಸಿದ್ದಾಳೆ.

“ಬಾತು ಇದೆ ಕದಾ ಅಪ್ಪಾ? ಇಲ್ಲಾಂದ್ರೆ ಈಗ್ಲೇ ಹೇಳಿ, ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ. ನೆಕ್ಸ್ಟ್ ಮಂತ್ ಯಾವಾಗಾದ್ರೂ ಬರ್ತೀನಿ.”

ಶಾಲು ಕುರ್ಚಿಯ ಬೆನ್ನಿಗೆ ನೇತುಬಿದ್ದಿತ್ತು. ತಟ್ಟೆಯಲ್ಲಿ ಮುರಿಯದ ರೊಟ್ಟಿ ಇತ್ತು. ಹನ್ನೊಂದು ವರ್ಷ ಊರೂರಿನ ಜನರ ಸುಳ್ಳು ಹಿಡಿದ ಚನ್ನಬಸಪ್ಪನವರು ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಿಸಿದರು.

“ಐತಿ,” ಎಂದರು.

ಮರುದಿನ ಬೆಳಿಗ್ಗೆ ಐದೂವರೆಗೇ ಪಾರ್ಕಿಗೆ ಹೋದರು, ತಮ್ಮ ಸುಳ್ಳು ನಿಜವಾಗಿದೆಯೇನೋ ನೋಡಲು. ಕೊಳದಲ್ಲಿ ಒಂದೆರಡು ನೀರುಕಾಗೆ, ಗಾಳಿಗೆ ಬಿದ್ದ ಫ್ಲೆಕ್ಸಿನ ಅರ್ಧ. ಅಧ್ಯಕ್ಷರ ಮೂಗಿನವರೆಗೆ ನೀರು ಬಂದಿತ್ತು. ನದಿಯ ದಂಡೆಗೆ ಹೋಗಿ ನೋಡಿದರು, ದೋಣಿಗಟ್ಟೆಗೂ ಹೋಗಿ ನೋಡಿದರು. ಅಲ್ಲಿಂದ ಸ್ಟೇಷನ್ನಿಗೆ ಹೋದರು.

ಹರಿಣಿ ಹನ್ನೆರಡಕ್ಕೆ ಇಳಿದಳು. ಕೈಯಲ್ಲಿ ಟಿಫಿನ್ ಕ್ಯಾರಿಯರು, ಹೆಗಲಲ್ಲಿ ಅಮ್ಮನ ದುರ್ಬೀನು. ಮನೆಗೆ ಹೋಗಿ ಊಟ ಮಾಡೋಣ ಎಂದು ಅಪ್ಪ, ಮೊದಲು ಬಾತು ಎಂದು ಮಗಳು. ಆಟೋ ಪಾರ್ಕಿನ ಗೇಟಿನ ಮುಂದೆ ನಿಂತಾಗ ಚನ್ನಬಸಪ್ಪನವರು ಏಳಲಿಲ್ಲ. ಹರಿಣಿ ಇಳಿದು ಕೈ ಚಾಚಿದಳು. “ಇಳೀರಿ ಅಪ್ಪಾ.” ಇಳಿದರು.

ಕೊಳದ ದಡದಲ್ಲಿ ಕನಕದುರ್ಗ ಫ್ಲೆಕ್ಸಿನ ಚೂರು ಸುರುಳಿ ಸುತ್ತುತ್ತಿದ್ದಳು. ಹರಿಣಿ ದುರ್ಬೀನಿನಲ್ಲಿ ಆಚೆ ದಡ, ಈಚೆ ದಡ ನೋಡಿ, ಎಲ್ಲಿ ಅಪ್ಪಾ ಎಂದಳು. ಚನ್ನಬಸಪ್ಪನವರು ಬಾಯಿ ತೆರೆಯುವ ಮೊದಲೇ ಕನಕದುರ್ಗ ತಾನಾಗಿ ಹೇಳಿಬಿಟ್ಟಳು.

“ನಿನ್ನನೇ ವೆಳ್ಳಿಪೋಯಿಂದಿ ಕದಂಡಿ.”

ನಿನ್ನೆಯೇ ಹೊರಟುಹೋಯಿತಲ್ಲ ಎಂದು. ಹರಿಣಿ ಮೆಲ್ಲಗೆ ದುರ್ಬೀನು ಕೆಳಗಿಳಿಸಿ ಅಪ್ಪನ ಕಡೆ ನೋಡಿದಳು. ನಿನ್ನೆ ಸಂಜೆ ಏಳಕ್ಕೆ ‘ಐತಿ’ ಎಂದ ಅಪ್ಪ. ಚನ್ನಬಸಪ್ಪನವರು ಕೊಳವನ್ನೇ ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ಕಲಿತದ್ದನ್ನೆಲ್ಲ ಅವರು ಅಲ್ಲೇ ನೀರಿಗೆ ಬಿಟ್ಟರು.

“ನಿನ್ನ ಬಾತು ಎಲ್ಲಿ ಹೋಯ್ತು ಅಂತ ನನ್ನ ಕೇಳಾಕತ್ತಾಳ ನೋಡವಾ,” ಎಂದರು. “ನನಗೇನು ಗೊತ್ತು?”

ಕನಕದುರ್ಗ ಮತ್ತೇನೋ ಹೇಳಹೊರಟಳು. ಹರಿಣಿ ತೆಲುಗಿನಲ್ಲಿ ಅವಳಿಗೆ ಎರಡು ಮಾತು ಹೇಳಿದಳು. ಅವಳು ಇಬ್ಬರನ್ನೂ ಒಮ್ಮೆ ನೋಡಿ ಫ್ಲೆಕ್ಸಿನ ಸುರುಳಿ ತಲೆಯ ಮೇಲಿಟ್ಟುಕೊಂಡು ಹೋದಳು.

“ಹೌದಪ್ಪಾ,” ಎಂದಳು ಹರಿಣಿ, ದುರ್ಬೀನನ್ನು ಅಪ್ಪನ ಕೈಗೆ ಕೊಟ್ಟು. “ಕೇಳ್ತಾ ಇದ್ಳು. ಎಲ್ಲಿ ಹೋಗಿರಬಹುದು ಅದು?”

ಇಬ್ಬರೂ ಬೆಂಚಿನ ಮೇಲೆ ಕುಳಿತು, ಬಾತಿಲ್ಲದ ಕೊಳವನ್ನು ಸರದಿಯ ಮೇಲೆ ದುರ್ಬೀನಿನಲ್ಲಿ ನೋಡಿದರು.

ಮನೆಯಲ್ಲಿ ಊಟವಾದ ಮೇಲೆ ಅವಳು ಅಮ್ಮನ ನೋಟುಬುಕ್ಕು ಕೇಳಿದಳು. ಕನ್ನಡವನ್ನು ಅವಳು ತೆಲುಗಿನ ಅಕ್ಷರ ನೆನೆಸಿಕೊಂಡು ಓದುತ್ತಾಳೆ, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ. “ಇ-ವ-ರು. ಕಾ-ರಿ-ನಿಂದ.” ಅಲ್ಲಿಗೆ ಬಂದಾಗ ನಿಧಾನವಾದಳು. ಮುಂದಿನದನ್ನು ಗಟ್ಟಿಯಾಗಿ ಓದಲಿಲ್ಲ. ಬುಕ್ಕು ಮುಚ್ಚಿ, ಅಪ್ಪನ ಮಂಡಿಯ ಮೇಲಿಟ್ಟು, ಪಾತ್ರೆ ತೊಳೆಯಲು ಹೋದಳು. ಐದು ಗಂಟೆಗೆ ಅವಳ ಟ್ರೇನು. ಕಿಟಕಿಯಿಂದ, ಫೋನು ಮಾಡಿ ಎಂದಳು. ಬಾತು ಬಂದರೆ ಮಾಡುತ್ತೇನೆ ಎಂದು ಇವರು ಹೇಳುವಷ್ಟರಲ್ಲಿ ಟ್ರೇನು ಹೊರಟಿತ್ತು.

ಮನೆಗೆ ಬಂದು ಚನ್ನಬಸಪ್ಪನವರು ದೀಪ ಹಾಕಿ ಮೇಜಿಗೆ ಕುಳಿತರು. ನೋಟುಬುಕ್ಕಿನ ಆ ಪುಟ ತೆರೆದರು. ಕಿಸೆಯಿಂದ ಬ್ಯಾಂಕಿನ ಪೆನ್ನು ತೆಗೆದು, ‘ನೋಡಿದವರು: ನಾನು’ ಎಂಬುದರ ಮುಂದೆ ತಮ್ಮ ಪೂರ್ತಿ ಸಹಿ ಹಾಕಿದರು. ಅದರ ಕೆಳಗೆ ಹತ್ತು ವರ್ಷದ ಹಿಂದಿನ ಆ ದಿನದ ತಾರೀಖು ಬರೆದರು. ‘ಇಳಿಯಲಿಲ್ಲ’ ಎಂಬುದನ್ನು ಹೊಡೆದುಹಾಕಲಿಲ್ಲ. ರಿಜಿಸ್ಟರಿನಲ್ಲಿ ಇನ್ನೊಬ್ಬರು ಬರೆದದ್ದನ್ನು ತಿದ್ದಬಾರದು.

ವೇದವತಿಯ ಶಾಯಿ ನೀಲಿ, ಮಾಸಿತ್ತು. ಇವರದು ಕಪ್ಪು, ಇನ್ನೂ ಹಸಿ. ನೋಡದೆ ಹಾಕಿದ ಸಹಿ. ಮೂರು ಪುಟದಾಚೆಯಿಂದಲೇ ಗೊತ್ತಾಗುವಂತಿತ್ತು. ಚನ್ನಬಸಪ್ಪನವರು ಅದರ ಮೇಲೆ ಊದಿದರು, ಆರುವವರೆಗೆ ಕಾದರು, ಬುಕ್ಕು ಮುಚ್ಚಿದರು. ಆಮೇಲೆ ರೊಟ್ಟಿ ಮುರಿದರು.